ತಟ್ಟೆಗೆ ಬರುವ ಮುನ್ನ: ವಿವಾದದ ಮಾಂಸಖಾದ್ಯಗಳನ್ನು ತೂಗಿ ನೋಡುವ ಬಗೆ

ಫ್ವಾಗ್ರಾ ಎಂದ ಕೂಡಲೇ ಮುಖ ಸಿಂಡರಿಸುವವರು ಹೊಗೆ ಹಾಕಿ ಹದಮಾಡಿದ, ಹಾವಿನಂತಿರುವ ಈಲ್ ಮೀನನ್ನು ನಿಶ್ಚಿಂತೆಯಿಂದ ತಿನ್ನುತ್ತಾರೆ. ಫ್ವಾಗ್ರಾ ಎಂದರೆ ಕೊಬ್ಬಿಸಿದ ಬಾತುಕೋಳಿಯ ಲಿವರ್. ಅದಕ್ಕಾಗಿ ಹಕ್ಕಿಯ ಗಂಟಲಿಗೆ ಕೊಳವೆ ಇಳಿಸಿ ಮೆಕ್ಕೆಜೋಳ ತುಂಬುತ್ತಾರೆ, ನಿಜ. ಹಿಂಸೆ ಕಣ್ಣಿಗೆ ರಾಚುತ್ತದೆ. ಆದರೆ ಅದು ಸಾಕಿದ ಹಕ್ಕಿ. ಅದರ ಸಂತತಿ ಅಳಿಯುವ ಭಯವಿಲ್ಲ. ಯುರೋಪಿನ ಈಲ್ ಮೀನನ್ನು ಕಂಡು ಯಾರೂ ಅಯ್ಯೋ ಎನ್ನುವುದಿಲ್ಲ. ಅದು ಮಾತ್ರ 2008ರಿಂದ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪು ಪಟ್ಟಿಯಲ್ಲಿ ಅಳಿವಿಗೆ ತೀರ ಹತ್ತಿರವಿರುವ ಜೀವಿಗಳ ವರ್ಗದಲ್ಲಿದೆ.

ಹಾಗಾಗಿ ಇಂಥ ಖಾದ್ಯ ಎದುರಾದಾಗ ಮೊದಲು ಮಾಡಬೇಕಾದ ಕೆಲಸ, ಲೆಕ್ಕಗಳನ್ನು ಬೇರೆ ಮಾಡುವುದು. ಪ್ರಾಣಿ ಹೇಗೆ ಬದುಕಿತು, ಹೇಗೆ ಸತ್ತಿತು ಎಂಬುದು ಒಂದು ಲೆಕ್ಕ. ಅದರ ಸಂತತಿ ಉಳಿಯುತ್ತದೆಯೇ ಎಂಬುದು ಇನ್ನೊಂದು. ಅದನ್ನು ಹಿಡಿಯುವಾಗ ಬೇರೆ ಯಾವ ಜೀವಿಗೆ ಪೆಟ್ಟು ಬಿತ್ತು ಎಂಬುದು ಮೂರನೆಯದು. ಒಂದರಲ್ಲಿ ಪಾಸಾದದ್ದು ಮತ್ತೊಂದರಲ್ಲಿ ನಪಾಸಾಗಬಹುದು, ಬಹಳ ಸಲ ಆಗುತ್ತದೆ ಕೂಡ. ಈ ಯಾವ ಲೆಕ್ಕಕ್ಕೂ ಸೇರದ ಸಂಗತಿಯೆಂದರೆ ಅಸಹ್ಯ. ಹುಳು, ಕಪ್ಪೆ, ಕುದುರೆ ಎಂದೊಡನೆ ಹೊಟ್ಟೆ ತೊಳಸಿದರೆ ಅದು ಅಭ್ಯಾಸದ ಮಾತು. ತಿನ್ನದಿರಲು ಅಷ್ಟು ಸಾಕು, ಆದರೆ ತಿನ್ನುವವರನ್ನು ತಪ್ಪಿತಸ್ಥರನ್ನಾಗಿ ಮಾಡಲು ಸಾಲದು.

ಮೊದಲು ಜಾತಿಯ ಹೆಸರು ತಿಳಿಯಿರಿ

ಮೆನುವಿನಲ್ಲಿರುವ ಹೆಸರು ಮಾರಾಟಕ್ಕೆ ಇಟ್ಟದ್ದು. ಬ್ರಿಟನ್ನಿನಲ್ಲಿ ‘ರಾಕ್ ಸಾಲ್ಮನ್’ ಎಂದು ಮಾರುವುದು ಸಾಲ್ಮನ್ ಅಲ್ಲವೇ ಅಲ್ಲ, ಸಣ್ಣ ಜಾತಿಯ ಶಾರ್ಕ್. ಆಸ್ಟ್ರೇಲಿಯಾದ ‘ಫ್ಲೇಕ್’ ಕೂಡ ಶಾರ್ಕ್ ಮಾಂಸವೇ. ರಾಕ್ ಸಾಲ್ಮನ್ ಹೆಸರಿನಡಿ ಬರುವ ಸ್ಪೈನಿ ಡಾಗ್‌ಫಿಶ್ ಹೆಚ್ಚುಕಡಿಮೆ ಎರಡು ವರ್ಷ ಗರ್ಭ ಹೊರುತ್ತದೆ. ಇಷ್ಟು ನಿಧಾನವಾಗಿ ಮರಿ ಹಾಕುವ ಮೀನನ್ನು ಸಾರ್ಡೀನ್ ಹಿಡಿದಂತೆ ಹಿಡಿದರೆ ಏನಾಗುತ್ತದೆ ಎಂದು ಹೇಳಬೇಕಿಲ್ಲ.

ವೈಜ್ಞಾನಿಕ ಹೆಸರನ್ನೇ ಕೇಳಿ. ಐರೋಪ್ಯ ಒಕ್ಕೂಟದಲ್ಲಿ ಹಸಿ ಮೀನು ಮಾರುವ ಅಂಗಡಿ ಆ ಹೆಸರು, ಹಿಡಿದದ್ದೋ ಸಾಕಿದ್ದೋ ಎಂಬುದು, ಹಿಡಿದ ಸಮುದ್ರ ವಲಯ, ಬಳಸಿದ ಬಲೆಯ ಬಗೆ, ಇಷ್ಟನ್ನೂ ಬರೆದು ತೋರಿಸಲೇಬೇಕು. ಹೋಟೆಲಿನ ಮೆನುವಿನಲ್ಲಿ ಇದು ಸಾಮಾನ್ಯವಾಗಿ ಕಾಣುವುದಿಲ್ಲ. ಆದರೆ ಅಡುಗೆಮನೆಗೆ ಮಾಲು ಬಂದ ಪೆಟ್ಟಿಗೆಯ ಮೇಲೆ ಚೀಟಿ ಇರುತ್ತದೆ. ಬಡಿಸುವವರಿಗೆ ಗೊತ್ತಿಲ್ಲದಿದ್ದರೆ ‘ಪೆಟ್ಟಿಗೆಯ ಚೀಟಿ ನೋಡಿ ಹೇಳಿ’ ಎಂದು ಕೇಳುವುದು ಒರಟುತನವಲ್ಲ.

ಹೆಸರು ಸಿಕ್ಕಿದ ಮೇಲೆ ಐಯುಸಿಎನ್ ಕೆಂಪು ಪಟ್ಟಿಯ ಜಾಲತಾಣದಲ್ಲಿ ಹುಡುಕಿ. ಅಲ್ಲಿ ವರ್ಗವನ್ನಷ್ಟೇ ಓದಿ ಮುಚ್ಚಿಬಿಡುವುದು ಎಲ್ಲರೂ ಮಾಡುವ ತಪ್ಪು. ಮೌಲ್ಯಮಾಪನ ಮಾಡಿದ ವರ್ಷ ಯಾವುದು, ಸಂಖ್ಯೆ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನೂ ನೋಡಬೇಕು. ಅಟ್ಲಾಂಟಿಕ್ ಬ್ಲೂಫಿನ್ ಟ್ಯೂನಾ ವರ್ಷಗಟ್ಟಲೆ ಅಪಾಯದ ವರ್ಗದಲ್ಲಿತ್ತು. ಹಿಡಿಯುವ ಮಿತಿಯನ್ನು ಬಿಗಿಗೊಳಿಸಿದ ಮೇಲೆ ಚೇತರಿಸಿಕೊಂಡು 2021ರಲ್ಲಿ ‘ಕನಿಷ್ಠ ಕಾಳಜಿ’ ವರ್ಗಕ್ಕೆ ಬಂತು. ಅದೇ ವರ್ಷ ದಕ್ಷಿಣ ಬ್ಲೂಫಿನ್ ಒಂದು ಮೆಟ್ಟಿಲು ಮೇಲೆ ಬಂದರೂ ಅಪಾಯದಲ್ಲೇ ಉಳಿಯಿತು. ‘ಬ್ಲೂಫಿನ್ ತಿನ್ನಬಾರದು’, ‘ಬ್ಲೂಫಿನ್ ಈಗ ಸರಿಹೋಗಿದೆ’, ಈ ಎರಡು ಮಾತೂ ಅರೆಬೆಂದವು. ಯಾವ ಸಮುದ್ರದ ಬ್ಲೂಫಿನ್ ಎಂದು ಕೇಳದೆ ಉತ್ತರವಿಲ್ಲ.

ಕೆಂಪು ಪಟ್ಟಿ ಕಾನೂನಲ್ಲ. ಗಡಿ ದಾಟುವ ವ್ಯಾಪಾರಕ್ಕೆ ಕಾನೂನು ಸೈಟಿಸ್, ಅಳಿವಿನ ಭಯವಿರುವ ಜೀವಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ. ಅದರ ಮೊದಲ ಅನುಬಂಧದಲ್ಲಿರುವುದನ್ನು ವಾಣಿಜ್ಯಕ್ಕಾಗಿ ಮಾರುವಂತಿಲ್ಲ. ಪ್ಯಾಂಗೊಲಿನ್‌ನ (ಚಿಪ್ಪುಹಂದಿಯ) ಎಂಟೂ ಜಾತಿಗಳನ್ನು 2016ರಲ್ಲಿ ಅಲ್ಲಿಗೆ ಸೇರಿಸಲಾಯಿತು, ಅದರ ಮಾತು ಅಲ್ಲಿಗೆ ಮುಗಿಯಿತು. ಎರಡನೇ ಅನುಬಂಧ ನಿಷೇಧವಲ್ಲ. ಪರವಾನಗಿ ಬೇಕು, ಹಿಡಿಯುವುದರಿಂದ ಸಂತತಿಗೆ ಧಕ್ಕೆಯಿಲ್ಲ ಎಂದು ರಫ್ತು ಮಾಡುವ ದೇಶ ಹೇಳಬೇಕು. ಶಾರ್ಕ್ ರೆಕ್ಕೆಯ ವ್ಯಾಪಾರಕ್ಕೆ ಸಿಗುವ ಜಾತಿಗಳಲ್ಲಿ ಬಹುಪಾಲು 2022ರ ಪನಾಮಾ ಸಭೆಯ ತೀರ್ಮಾನದಿಂದ ಈ ಅನುಬಂಧಕ್ಕೆ ಬಂದವು. ಆದ್ದರಿಂದ ರೆಕ್ಕೆಯ ಸೂಪು ಮಾರುವವರಿಗೆ ‘ಇದು ಯಾವ ಶಾರ್ಕ್, ಕಾಗದವಿದೆಯೇ’ ಎಂದು ಕೇಳುವ ಹಕ್ಕು ಈಗ ಗಟ್ಟಿಯಾಗಿದೆ. ಒಣಗಿಸಿ ಸಿಪ್ಪೆ ತೆಗೆದು ಎಳೆ ಎಳೆಯಾಗಿ ಬಿಡಿಸಿದ ರೆಕ್ಕೆಯನ್ನು ಕಣ್ಣಿಂದ ನೋಡಿ ಜಾತಿ ಹೇಳಲು ಯಾರಿಗೂ ಆಗುವುದಿಲ್ಲ. ಕಾಗದವಿಲ್ಲ ಎಂದರೆ ಉತ್ತರವಿಲ್ಲ, ಉತ್ತರವಿಲ್ಲದಿದ್ದರೆ ಬೇಡ.

‘ಸಾಕಿದ್ದು’ ಎಂಬ ಮಾತನ್ನು ನಂಬಿ ಕೂರಬೇಡಿ

ಸಾಕಿದ್ದಾದರೆ ಕಾಡಿಗೆ, ಕಡಲಿಗೆ ಹೊರೆಯಿಲ್ಲ ಎಂದು ನಾವು ಎಣಿಸುತ್ತೇವೆ. ಈ ಎಣಿಕೆ ಅತಿ ಹೆಚ್ಚು ತಪ್ಪುವುದು ಈಲ್ ಮೀನಿನಲ್ಲೇ.

ಯುರೋಪಿನ ಈಲ್ ಅಟ್ಲಾಂಟಿಕ್‌ನ ಸರ್ಗಾಸೊ ಸಮುದ್ರದತ್ತ ಹೋಗಿ ಮರಿ ಮಾಡುತ್ತದೆ. ಮರಿಗಳು ಸಾವಿರಾರು ಕಿಲೋಮೀಟರ್ ತೇಲಿ ಯುರೋಪಿನ ನದಿಮುಖಗಳಿಗೆ ಬರುವ ಹೊತ್ತಿಗೆ ಗಾಜಿನಂತೆ ಪಾರದರ್ಶಕವಾಗಿರುತ್ತವೆ, ಒಂದು ಕೆ.ಜಿ.ಗೆ ಸುಮಾರು 3,000 ಮರಿ. ಸಾಕಣೆಯವರು ಕೊಳ್ಳುವುದು ಈ ಮರಿಗಳನ್ನೇ. ಪ್ರಯೋಗಾಲಯದಲ್ಲಿ ಮೊಟ್ಟೆಯಿಂದ ಮೊಟ್ಟೆಯವರೆಗೆ ಜೀವನಚಕ್ರ ಪೂರ್ತಿ ಮಾಡುವುದು ಜಪಾನಿನಲ್ಲಿ 2010ರಲ್ಲಿ ಸಾಧ್ಯವಾಯಿತು, ಅದೂ ಜಪಾನಿ ಈಲ್ ಜಾತಿಯಲ್ಲಿ. ಮಾರುಕಟ್ಟೆಗೆ ಬರುವ ಸಾಕಿದ ಈಲ್ ಇವತ್ತಿಗೂ ಹೆಚ್ಚುಕಡಿಮೆ ಎಲ್ಲವೂ ಹೊಳೆಯಿಂದ ಹಿಡಿದು ತಂದು ಕೊಬ್ಬಿಸಿದ್ದು. ಉತ್ತರ ಸಮುದ್ರದ ಕಡೆಗೆ ಬರುವ ಮರಿಗಳ ಪ್ರಮಾಣ 1960–79ರ ಸರಾಸರಿಯ ಶೇ. 1ರ ಆಸುಪಾಸಿಗೆ ಕುಸಿದಿದೆ. ಮೀನುಗಾರಿಕೆಗೆ ವೈಜ್ಞಾನಿಕ ಸಲಹೆ ಕೊಡುವ ಐಸಿಇಎಸ್ ಸಂಸ್ಥೆ 2022ರ ವರ್ಷಕ್ಕೆ, ಎಲ್ಲ ನೀರಿನಲ್ಲೂ, ಎಲ್ಲ ವಯಸ್ಸಿನ ಈಲ್‌ಗೂ, ‘ಸೊನ್ನೆ ಹಿಡಿ’ ಎಂದು ಸಲಹೆ ಕೊಟ್ಟಿತು. ‘ಸುಸ್ಥಿರ ಈಲ್’ ಎಂಬ ಮುದ್ರೆಗಳೂ ಮಾರುಕಟ್ಟೆಯಲ್ಲಿವೆ. ವಿಜ್ಞಾನಿಗಳು ಸೊನ್ನೆ ಎಂದಿರುವಾಗ ಆ ಮುದ್ರೆಗೆ ನಾವು ಬೆಲೆ ಕೊಡುವುದಿಲ್ಲ. ಇದಕ್ಕೆ ಮೇಲೆ, ಈಲ್‌ನ ಲೋಳೆ ತೆಗೆಯಲು ಜೀವಂತ ಮೀನನ್ನೇ ಉಪ್ಪಿನಲ್ಲಿ ಹಾಕುವ ಹಳೆಯ ಪದ್ಧತಿಯನ್ನು ಸೇರಿಸಿದರೆ ಹಿಂಸೆಯ ಲೆಕ್ಕದಲ್ಲೂ ಅದು ಫ್ವಾಗ್ರಾಕ್ಕಿಂತ ಬಹಳ ಮೇಲೇನೂ ನಿಲ್ಲುವುದಿಲ್ಲ.

ಟ್ಯೂನಾ ‘ಸಾಕಣೆ’ಯೂ ಬಹಳ ಕಡೆ ಹೀಗೆಯೇ: ಕಡಲಲ್ಲಿ ಹಿಡಿದ ಮೀನನ್ನು ತೇಲುವ ಬಲೆಯೊಳಗೆ ಕೂಡಿಟ್ಟು ಕೊಬ್ಬಿಸುವುದು. ಅದು ಒಂದು ಕೆ.ಜಿ. ಬೆಳೆಯಲು 10 ಕೆ.ಜಿ.ಗೂ ಹೆಚ್ಚು ಸಣ್ಣ ಮೀನು ತಿನ್ನುತ್ತದೆ. ಆಕ್ಟೋಪಸ್ ಸಾಕಣೆಗೂ ಇದೇ ತೊಡಕು, ಮಾಂಸ ಬೇಕು. ಅದರ ಜೊತೆಗೆ ಅದು ಬುದ್ಧಿವಂತ, ಒಂಟಿಯಾಗಿ ಇರುವ ಪ್ರಾಣಿ. ಇಕ್ಕಟ್ಟಿನಲ್ಲಿಟ್ಟರೆ ಒಂದನ್ನೊಂದು ತಿನ್ನುತ್ತದೆ. ಅಮೆರಿಕದ ವಾಷಿಂಗ್ಟನ್ ಮತ್ತು ಕ್ಯಾಲಿಫೋರ್ನಿಯಾ ರಾಜ್ಯಗಳು 2024ರಲ್ಲಿ ಆಕ್ಟೋಪಸ್ ಸಾಕಣೆಯನ್ನು ಶುರುವಾಗುವ ಮುಂಚೆಯೇ ನಿಷೇಧಿಸಿದವು.

ಉಲ್ಟಾ ಮೋಸವೂ ಉಂಟು. ಪುನುಗಿನ ಬೆಕ್ಕು ತಿಂದು ಹೊರಹಾಕಿದ ಬೀಜದ ಲುವಾಕ್ ಕಾಫಿಯನ್ನು ‘ಕಾಡಿನಿಂದ ಆಯ್ದದ್ದು’ ಎಂದು ಮಾರುತ್ತಾರೆ. ಬೋನಿನಲ್ಲಿಟ್ಟ ಬೆಕ್ಕಿಗೆ ಕಾಫಿಹಣ್ಣೊಂದನ್ನೇ ತಿನ್ನಿಸಿ ಪಡೆದ ಬೀಜಕ್ಕೂ ಕಾಡಿನಲ್ಲಿ ಆಯ್ದ ಬೀಜಕ್ಕೂ ಕೊಳ್ಳುವವನ ಕೈಯಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಇದನ್ನು ಬಿಟ್ಟುಬಿಡುವುದೇ ಸುಲಭ.

ಹಾಗಾಗಿ ಸಾಕಿದ್ದು ಎಂದಾಗ ಎರಡು ಪ್ರಶ್ನೆ ಕೇಳಿ. ಮರಿ ಎಲ್ಲಿಂದ ಬಂತು, ಸಾಕಣೆಯಲ್ಲೇ ಹುಟ್ಟಿದ್ದೋ? ಏನು ತಿನ್ನಿಸಿದರು? ಈ ಎರಡಕ್ಕೂ ಚೆನ್ನಾಗಿ ಉತ್ತರ ಕೊಡಬಲ್ಲ ದುಬಾರಿ ಖಾದ್ಯ ಎಂದರೆ, ಆಶ್ಚರ್ಯವೆನಿಸಬಹುದು, ಕ್ಯಾವಿಯರ್.

ಕ್ಯಾವಿಯರ್ ಡಬ್ಬಿಯ ಚೀಟಿ ಓದುವುದು

ಕ್ಯಾವಿಯರ್ ಎಂದರೆ ಸ್ಟರ್ಜನ್ ಮೀನಿನ ಉಪ್ಪು ಹಾಕಿದ ಮೊಟ್ಟೆ. ಉಳಿದಿರುವ 26 ಜಾತಿಯ ಸ್ಟರ್ಜನ್‌ಗಳೂ ಅಳಿವಿನ ಅಪಾಯದಲ್ಲಿವೆ ಎಂದು ಐಯುಸಿಎನ್ 2022ರಲ್ಲಿ ಹೇಳಿತು. 1998ರಿಂದಲೇ ಎಲ್ಲ ಜಾತಿಗಳೂ ಸೈಟಿಸ್ ಹಿಡಿತದಲ್ಲಿವೆ. ಹೊಳೆಯಲ್ಲಿ ಹಿಡಿದದ್ದು ಬೇಡವೇ ಬೇಡ. ಆದರೆ ಸ್ಟರ್ಜನ್ ಸಾಕಣೆಯಲ್ಲಿ ಮೊಟ್ಟೆಯಿಂದ ಮೊಟ್ಟೆಯವರೆಗೆ ಚಕ್ರ ಪೂರ್ತಿಯಾಗುತ್ತದೆ, ಅದನ್ನು ಪತ್ತೆ ಹಚ್ಚಲು ಡಬ್ಬಿಯ ಮೇಲೊಂದು ಸಂಕೇತವೂ ಇರುತ್ತದೆ. ಒಂದು ಸಾಲಿನಲ್ಲಿ ಓರೆಗೆರೆಗಳ ನಡುವೆ ಬರೆದಿರುವ ಇದನ್ನು ಹೀಗೆ ಓದಬೇಕು:

1. ಮೊದಲ ಮೂರಕ್ಷರ ಜಾತಿ. ಬಿಎಇ ಎಂದರೆ ಸೈಬೀರಿಯನ್, ಜಿಯುಇ ಎಂದರೆ ರಷ್ಯನ್, ಎಸ್‌ಟಿಇ ಎಂದರೆ ಸೆವ್ರುಗಾ ಎಂಬ ಕ್ಯಾವಿಯರ್ ಕೊಡುವ ಜಾತಿ, ಎಚ್‌ಯುಎಸ್ ಎಂದರೆ ಬೆಲುಗಾ. ಮಿಶ್ರತಳಿಯಾದರೆ ಎರಡು ಸಂಕೇತಗಳ ನಡುವೆ ಗುಣಾಕಾರದ ಗುರುತು ಇರುತ್ತದೆ.
2. ಮುಂದಿನ ಒಂದಕ್ಷರ ಮೂಲ. ಸಿ ಎಂದರೆ ಬಂಧನದಲ್ಲೇ ತಳಿ ಬೆಳೆಸಿದ್ದು. ಎಫ್ ಎಂದರೆ ಬಂಧನದಲ್ಲಿ ಹುಟ್ಟಿದ್ದು. ಆರ್ ಎಂದರೆ ಹೊಳೆಯಿಂದ ಮರಿ ಅಥವಾ ಮೊಟ್ಟೆ ತಂದು ಬೆಳೆಸಿದ್ದು. ಡಬ್ಲ್ಯು ಎಂದರೆ ಹೊಳೆ, ಕಡಲಲ್ಲಿ ಹಿಡಿದದ್ದು.
3. ಆಮೇಲೆ ಎರಡಕ್ಷರದ ದೇಶದ ಸಂಕೇತ, ನಂತರ ವರ್ಷ. ಮೂಲ ಡಬ್ಬಿಯಾದರೆ ಅದು ಮೊಟ್ಟೆ ತೆಗೆದ ವರ್ಷ. ಮರುಪ್ಯಾಕ್ ಮಾಡಿದ್ದಾದರೆ ಪ್ಯಾಕ್ ಮಾಡಿದ ವರ್ಷ.
4. ಕೊನೆಗೆ ಘಟಕದ ನೋಂದಣಿ ಸಂಖ್ಯೆ, ಲಾಟ್ ಸಂಖ್ಯೆ.

ಎರಡನೇ ಜಾಗದಲ್ಲಿ ಸಿ ಇದ್ದರೆ ಮುಂದೆ ಹೋಗಬಹುದು. ಡಬ್ಲ್ಯು ಇದ್ದರೆ ಡಬ್ಬಿ ಕೆಳಗಿಡಿ. ಚೀಟಿಯನ್ನು ಉಗುರಿನಿಂದ ಎಬ್ಬಿಸಲು ನೋಡಿ: ನಿಯಮದ ಪ್ರಕಾರ ಅದು ಹರಿಯದೆ ಬಿಡಿಸಿಕೊಳ್ಳಬಾರದು. ಸಲೀಸಾಗಿ ಸುಲಿದು ಬಂದರೆ ಆ ಚೀಟಿ ಇನ್ನೊಂದು ಡಬ್ಬಿಯಿಂದ ಬಂದಿರಬಹುದು. ಮುಚ್ಚಳ ತೆರೆದರೂ ಚೀಟಿ ಹರಿಯದಂತೆ ಅಂಟಿಸಿದ್ದರೂ ಅನುಮಾನಪಡಿ. ದೊಡ್ಡ ಡಬ್ಬಿಯಿಂದ ಚಮಚದಲ್ಲಿ ತೆಗೆದು ಮಾರುವವರಿದ್ದರೆ ಆ ದೊಡ್ಡ ಡಬ್ಬಿಯ ಚೀಟಿ ತೋರಿಸಿ ಎನ್ನಿ.

ಪ್ರಯಾಣದಲ್ಲಿ ಕೊಂಡು ತರುವವರಿಗೆ: ಸೈಟಿಸ್ ಅಡಿಯಲ್ಲಿ ಒಬ್ಬರಿಗೆ 125 ಗ್ರಾಂವರೆಗೆ, ಚೀಟಿ ಇರುವ ಡಬ್ಬಿಯಲ್ಲಿ, ಪರವಾನಗಿಯಿಲ್ಲದೆ ಒಯ್ಯಲು ವಿನಾಯಿತಿ ಇದೆ. ಕೆಲವು ದೇಶಗಳ ನಿಯಮ ಇದಕ್ಕಿಂತ ಬಿಗಿ, ಆದ್ದರಿಂದ ಹೊರಡುವ ಮುಂಚೆ ಹೋಗುವ ದೇಶದ ಕಸ್ಟಮ್ಸ್ ನಿಯಮ ನೋಡಿಕೊಳ್ಳಿ.

ಹಿಂಸೆಯ ಲೆಕ್ಕ: ಫ್ವಾಗ್ರಾ, ವೀಲ್

ಫ್ವಾಗ್ರಾದ ಬಾತುಕೋಳಿ ಮೊದಲ 12 ವಾರಗಳಷ್ಟು ಕಾಲ ಮಾಮೂಲಿಯಾಗಿ ಬೆಳೆಯುತ್ತದೆ. ಆಮೇಲಿನ ಸುಮಾರು ಎರಡು ವಾರ ದಿನಕ್ಕೆರಡು ಸಲ ಕೊಳವೆಯಿಂದ ಮೆಕ್ಕೆಜೋಳ. ಲಿವರ್ ಮಾಮೂಲಿ ಗಾತ್ರಕ್ಕಿಂತ ಹತ್ತು ಪಟ್ಟಿನವರೆಗೂ ಊದುತ್ತದೆ. ಸಮರ್ಥಿಸುವವರ ವಾದ ಇದು: ವಲಸೆ ಹಕ್ಕಿ ತಾನಾಗಿಯೂ ಲಿವರ್‌ನಲ್ಲಿ ಕೊಬ್ಬು ಕೂಡಿಡುತ್ತದೆ, ಅದರ ಗಂಟಲು ನಮ್ಮದರಂತಲ್ಲ. ಗಂಟಲಿನ ಮಾತು ಸ್ವಲ್ಪಮಟ್ಟಿಗೆ ನಿಜ. ಕೊಬ್ಬಿನ ಮಾತಿನಲ್ಲಿ ಪ್ರಮಾಣದ ಸುಳ್ಳಿದೆ. ತಾನಾಗಿ ತಿನ್ನುವ ಯಾವ ಹಕ್ಕಿಯೂ ಲಿವರನ್ನು ಹತ್ತು ಪಟ್ಟು ಮಾಡಿಕೊಳ್ಳುವುದಿಲ್ಲ. ಐರೋಪ್ಯ ಒಕ್ಕೂಟದ ವೈಜ್ಞಾನಿಕ ಸಮಿತಿ 1998ರಲ್ಲೇ ಈಗಿನ ಬಲವಂತದ ಉಣಿಸು ಹಕ್ಕಿಗಳ ಕ್ಷೇಮಕ್ಕೆ ಹಾನಿಕರ ಎಂದು ತೀರ್ಮಾನಿಸಿತು. ಈ ಎರಡು ವಾರಗಳಲ್ಲಿ ಸಾಯುವ ಹಕ್ಕಿಗಳ ಪ್ರಮಾಣ ಶೇ. 2ರಿಂದ 4 ಎಂದೂ, ಅದೇ ವಯಸ್ಸಿನ ಮಾಮೂಲಿ ಬಾತುಕೋಳಿಗಳಲ್ಲಿ ಅದು ಶೇ. 0.2ರಷ್ಟು ಎಂದೂ ಆ ವರದಿಯಲ್ಲಿದೆ.

‘ಬಲವಂತವಿಲ್ಲದ ಫ್ವಾಗ್ರಾ’ ಎಂದು ಯಾರಾದರೂ ಕೊಟ್ಟರೆ ಕೇಳಬೇಕಾದ್ದು ಎರಡು. ವರ್ಷದ ಯಾವ ತಿಂಗಳಲ್ಲಿ ಕೊಯ್ದದ್ದು? ಹಕ್ಕಿ ತಾನಾಗಿ ಕೊಬ್ಬುವುದು ಚಳಿಗಾಲದ ಮುಂಚೆ, ಹಾಗಾಗಿ ವರ್ಷವಿಡೀ ಸಿಗುವ ಮಾಲು ಆ ಬಗೆಯದಾಗಿರುವುದು ಕಷ್ಟ. ಲಿವರ್ ಎಷ್ಟು ತೂಕ? ಫ್ವಾಗ್ರಾ ಎಂಬ ಹೆಸರಿಗೆ ಐರೋಪ್ಯ ನಿಯಮ ಕೇಳುವ ಕನಿಷ್ಠ ತೂಕ ಬಾತುಕೋಳಿಗೆ 300 ಗ್ರಾಂ, ಹೆಬ್ಬಾತಿಗೆ 400 ಗ್ರಾಂ. ಬಲವಂತವಿಲ್ಲದೆ ಈ ತೂಕ ಮುಟ್ಟುವುದು ಬಲು ಅಪರೂಪ. ಎಂದರೆ ಕಾನೂನಿನ ಅಳತೆಯೇ ಕೊಳವೆಯ ಪರವಾಗಿದೆ.

ಎಳೆಗರುವಿನ ಮಾಂಸ, ವೀಲ್, ಇದಕ್ಕಿಂತ ಸುಲಭ. ಬಣ್ಣ ನೋಡಿ. ತೀರ ಬಿಳಿಯಾಗಿದ್ದರೆ ಕರುವಿಗೆ ಕಬ್ಬಿಣಾಂಶ ಕಡಿಮೆಯಿರುವ ಹಾಲಿನ ಆಹಾರವನ್ನೇ ಕೊಟ್ಟು ರಕ್ತಹೀನತೆಯ ಅಂಚಿನಲ್ಲಿ ಬೆಳೆಸಿದ್ದಾರೆ. ಗುಲಾಬಿ ಬಣ್ಣದ್ದು ಮೇವು ತಿಂದು ಬೆಳೆದ ಕರುವಿನದು. ಐರೋಪ್ಯ ಒಕ್ಕೂಟದಲ್ಲಿ ಎಂಟು ವಾರ ದಾಟಿದ ಕರುವನ್ನು ಒಂಟಿ ಗೂಡಿನಲ್ಲಿಡುವುದು 2007ರಿಂದ ನಿಷಿದ್ಧ. ಒಂದು ಮಾತು ಇಲ್ಲೇ ಹೇಳಿಬಿಡಬೇಕು: ವೀಲ್ ಬೇಡ ಎಂದು ಚೀಸ್ ತಿನ್ನುವವರು ಆ ಕರುವನ್ನು ಉಳಿಸಿದಂತೆ ಆಗಲಿಲ್ಲ. ಹೈನಿನ ಹಸು ಈಯುವ ಗಂಡುಕರುಗಳಲ್ಲಿ ಹಲವು ಈ ವ್ಯಾಪಾರಕ್ಕೇ ಹೋಗುತ್ತವೆ. ಹೋಗದವುಗಳಲ್ಲಿ ಬಹಳಷ್ಟನ್ನು ಹುಟ್ಟಿದ ಕೆಲವೇ ದಿನಗಳಲ್ಲಿ ಕೊಲ್ಲುತ್ತಾರೆ.

ನಿಮ್ಮ ಕೈಯಲ್ಲೇ ಸಾಯುವ ಏಡಿ, ಲಾಬ್‌ಸ್ಟರ್

ಉಳಿದೆಲ್ಲದರಲ್ಲಿ ನಾವು ಪ್ರಶ್ನೆ ಕೇಳುವವರು. ಇಲ್ಲಿ ಮಾತ್ರ ಅಡುಗೆ ಮಾಡುವವರೇ ಕೊಲ್ಲುವವರು, ಆದ್ದರಿಂದ ವಿವರವಾಗಿ.

ಏಡಿ, ಲಾಬ್‌ಸ್ಟರ್, ಆಕ್ಟೋಪಸ್‌ಗಳಿಗೆ ನೋವಿನ ಅರಿವಿದೆ ಎಂಬುದಕ್ಕೆ ಬಲವಾದ ಆಧಾರವಿದೆ ಎಂದು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ತಂಡವೊಂದು 2021ರಲ್ಲಿ ವರದಿ ಕೊಟ್ಟಿತು. ಪ್ರಾಣಿಗಳಿಗೆ ಅರಿವಿದೆ ಎಂದು ಒಪ್ಪುವ 2022ರ ಕಾಯ್ದೆಯಲ್ಲಿ ಬ್ರಿಟನ್ ಅವನ್ನೂ ಸೇರಿಸಿತು. ಸ್ವಿಟ್ಜರ್‌ಲೆಂಡ್ ಪ್ರಜ್ಞೆ ತಪ್ಪಿಸದೆ ಲಾಬ್‌ಸ್ಟರನ್ನು ಕುದಿನೀರಿಗೆ ಹಾಕುವುದನ್ನು 2018ರ ಮಾರ್ಚ್ 1ರಿಂದ ನಿಷೇಧಿಸಿದೆ. ಎಲ್ಲಕ್ಕಿಂತ ಒಳ್ಳೆಯದು ವಿದ್ಯುತ್ತಿನಿಂದ ಪ್ರಜ್ಞೆ ತಪ್ಪಿಸುವ ಯಂತ್ರ. ಮನೆಯಲ್ಲಿ ಅದಿರುವುದಿಲ್ಲ. ಹಾಗಿದ್ದಾಗ:

1. ಒಂದು ಲೀಟರ್ ನೀರಿಗೆ 35 ಗ್ರಾಂ ಉಪ್ಪು ಕರಗಿಸಿ. ಥರ್ಮೊಕೋಲ್ ಪೆಟ್ಟಿಗೆಗೆ ಪುಡಿಮಾಡಿದ ಮಂಜುಗಡ್ಡೆ ಮೂರು ಪಾಲು, ಈ ಉಪ್ಪುನೀರು ಒಂದು ಪಾಲು ಹಾಕಿ. ಕಲಸಿದ ಹಸಿ ಸಿಮೆಂಟಿನ ಹದ ಇರಬೇಕು. ನೀರು ಹೆಚ್ಚಾದರೆ ತಂಪು ಸಾಲದು.
2. ಪ್ರಾಣಿಯನ್ನು ಪೂರ್ತಿ ಮುಳುಗಿಸಿ ಕನಿಷ್ಠ 20 ನಿಮಿಷ ಬಿಡಿ. ದೊಡ್ಡದಾದರೆ, ತಣ್ಣೀರಿನ ಸಮುದ್ರದ ಜಾತಿಯಾದರೆ ಇನ್ನೂ ಹೆಚ್ಚು ಹೊತ್ತು ಬೇಕು. ಅವು ಚಳಿಗೆ ಒಗ್ಗಿಕೊಂಡಿರುತ್ತವೆ.
3. ಗಡಿಯಾರವನ್ನು ನಂಬದೆ ಪ್ರಾಣಿಯನ್ನು ನೋಡಿ. ಬಾಲವನ್ನು ಎಳೆದರೆ ಎದುರೊತ್ತಬಾರದು. ಬಾಯಿಯ ಹೊರ ಭಾಗಗಳನ್ನು ಅಲುಗಾಡಿಸಿದರೆ ಸಡಿಲವಾಗಿ ಅಲುಗಬೇಕು. ಚಿಪ್ಪಿನ ಮೇಲೆ ತಟ್ಟಿದರೆ ಕಣ್ಣು ಒಳಸರಿಯಬಾರದು. ಇವುಗಳಲ್ಲಿ ಒಂದು ತಪ್ಪಿದರೂ ಮತ್ತೆ ಮಂಜಿಗೆ ಹಾಕಿ.
4. ಲಾಬ್‌ಸ್ಟರ್ ಆದರೆ ಜಾರದ ಹಲಗೆಯ ಮೇಲೆ ಅಂಗಾತ ಮಲಗಿಸಿ, ಭಾರದ ಹರಿತವಾದ ಚಾಕುವಿನಿಂದ ನಡುಗೆರೆಯ ಉದ್ದಕ್ಕೂ ಸೀಳಿ: ಎದೆ ಮತ್ತು ಬಾಲ ಕೂಡುವ ಕಡೆಯಿಂದ ತಲೆಯತ್ತ ಒಮ್ಮೆ, ಬಾಲದತ್ತ ಇನ್ನೊಮ್ಮೆ. ಹತ್ತು ಸೆಕೆಂಡಿನೊಳಗೆ ಎರಡು ಹೋಳಾಗಿರಬೇಕು.
5. ಏಡಿಯಾದರೆ ಅಂಗಾತ ಹಾಕಿ, ಹೊಟ್ಟೆಯ ಮೇಲಿನ ತ್ರಿಕೋನದ ಮಡಿಕೆಯನ್ನು ಎತ್ತಿ. ಅದರಡಿಯ ಸಣ್ಣ ಗುಳಿಯಲ್ಲಿ ಚೂಪಾದ ದಬ್ಬಳವನ್ನು ಹೆಚ್ಚುಕಡಿಮೆ ನೆಟ್ಟಗೆ ಇಳಿಸಿ. ಆಮೇಲೆ ಮುಂಭಾಗದಲ್ಲಿ ಬಾಯಿಯ ಹತ್ತಿರದ ತಗ್ಗಿನಲ್ಲಿ ಸುಮಾರು 60 ಡಿಗ್ರಿ ಓರೆಯಾಗಿ ಚುಚ್ಚಿ. ಎರಡೂ ಹತ್ತು ಸೆಕೆಂಡಿನಲ್ಲಿ ಮುಗಿಯಬೇಕು.

ಏಡಿಗೆ ಚುಚ್ಚುವುದು, ಲಾಬ್‌ಸ್ಟರಿಗೆ ಸೀಳುವುದು ಯಾಕೆಂದರೆ ಏಡಿಯ ನರಕೇಂದ್ರಗಳು ಎರಡು ಕಡೆ ಗುಂಪಾಗಿವೆ. ಲಾಬ್‌ಸ್ಟರಿನವು ತಲೆಯಿಂದ ಬಾಲದವರೆಗೆ ಸರಪಳಿಯಾಗಿ ಹರಡಿವೆ. ಲಾಬ್‌ಸ್ಟರಿನ ತಲೆಗೆ ಒಂದೇ ಸಲ ಚಾಕು ಚುಚ್ಚಿ ‘ಆಯಿತು’ ಎನ್ನುವ ಅಡುಗೆ ವಿಡಿಯೊಗಳು ಅರ್ಧ ಕೆಲಸ ಮಾಡುತ್ತವೆ. ತಣ್ಣೀರಿನಲ್ಲಿಟ್ಟು ನಿಧಾನವಾಗಿ ಕಾಯಿಸುವುದು, ಸಮುದ್ರದ ಪ್ರಾಣಿಯನ್ನು ಸಪ್ಪೆ ನೀರಿನಲ್ಲಿ ಮುಳುಗಿಸಿ ಸಾಯಿಸುವುದು, ಜೀವವಿರುವಾಗಲೇ ಕಾಲು ಮುರಿಯುವುದು, ಈ ಮೂರನ್ನೂ ಬಿಡಬೇಕು. ಸಪ್ಪೆ ನೀರು ಮೈಯೊಳಗೆ ನುಗ್ಗಿ ಊದಿಸಿ ಕೊಲ್ಲುತ್ತದೆ, ಅದಕ್ಕೆ ಬಹಳ ಹೊತ್ತು ಹಿಡಿಯುತ್ತದೆ.

ಮಂಜಿನಲ್ಲಿಟ್ಟರೆ ನೋವೇ ಇಲ್ಲ ಎಂದು ಖಚಿತವಾಗಿಲ್ಲ. ಅಲುಗಾಟ ನಿಂತರೆ ಅರಿವೂ ನಿಂತಿತು ಎನ್ನುವಂತಿಲ್ಲ. ಇದು ಇರುವುದರಲ್ಲಿ ವಾಸಿ, ಅಷ್ಟೆ. ಕೈ ನಡುಗುತ್ತದೆ ಎಂದಾದರೆ ವಿದ್ಯುತ್ತಿನಿಂದ ಕೊಂದು ಬೇಯಿಸಿ ಶೀತಲೀಕರಿಸಿದ ಮಾಲನ್ನು ಕೊಳ್ಳಿ. ಸತ್ತು ಎಷ್ಟು ಹೊತ್ತಾಯಿತೆಂದು ಗೊತ್ತಿಲ್ಲದ ಹಸಿ ಏಡಿಯನ್ನು ಮಾತ್ರ ತರಬೇಡಿ. ಅದರದೇ ಜೀರ್ಣರಸ ಮಾಂಸವನ್ನು ಗಂಟೆಗಳಲ್ಲಿ ಮೆತ್ತಗೆ ಮಾಡಿಬಿಡುತ್ತದೆ, ಬ್ಯಾಕ್ಟೀರಿಯಾ ಬೇರೆ.

ತಟ್ಟೆಯಲ್ಲಿಲ್ಲದ ಪ್ರಾಣಿ

ಮೂರನೇ ಲೆಕ್ಕದ ಅತಿ ಕೆಟ್ಟ ಉದಾಹರಣೆ ಮೆಕ್ಸಿಕೊದ ಕ್ಯಾಲಿಫೋರ್ನಿಯಾ ಕೊಲ್ಲಿಯದು. ಅಲ್ಲಿ ತೊತೊವಾಬಾ ಎಂಬ ಮೀನನ್ನು, ಸೂಪಿಗೆ ಹಾಕುವ ಅದರ ಗಾಳಿಚೀಲಕ್ಕಾಗಿ ಕದ್ದು ಹಿಡಿಯುತ್ತಾರೆ. ಆ ಬಲೆಯಲ್ಲೇ ವಕೀಟಾ ಎಂಬ, ಡಾಲ್ಫಿನ್ ಹೋಲುವ ಪುಟ್ಟ ಪಾರ್ಪಸ್ ಸಿಕ್ಕಿ ಉಸಿರುಗಟ್ಟಿ ಸಾಯುತ್ತದೆ. ಈಗ ಉಳಿದಿರುವ ವಕೀಟಾಗಳು ಹತ್ತರ ಆಸುಪಾಸು. ಯಾರೂ ತಿನ್ನದ ಪ್ರಾಣಿ, ಇನ್ನೊಬ್ಬರ ಸೂಪಿಗಾಗಿ ಮುಗಿಯುತ್ತಿದೆ.

ಕಪ್ಪೆಕಾಲಿನದು ಇನ್ನೊಂದು ಬಗೆ. ಗದ್ದೆಯ ಕಪ್ಪೆ ಕೀಟ ತಿನ್ನುತ್ತದೆ. ಕಪ್ಪೆ ಹೋದರೆ ಕೀಟನಾಶಕ ಬರುತ್ತದೆ. ಭಾರತ ಕಪ್ಪೆಕಾಲಿನ ರಫ್ತನ್ನು 1987ರಲ್ಲಿ ನಿಲ್ಲಿಸಿತು. ವ್ಯಾಪಾರ ನಿಲ್ಲಲಿಲ್ಲ, ಇಂಡೊನೇಷ್ಯಾದ ಕಡೆಗೆ ಹೊರಳಿತು. ಯುರೋಪಿನ ಅಂಗಡಿಯಲ್ಲಿ ಸಿಗುವ ಶೀತಲೀಕರಿಸಿದ ಕಾಲುಗಳಲ್ಲಿ ಹೆಚ್ಚಿನವು ಅಲ್ಲಿನವೇ, ಬಹುಪಾಲು ಕಾಡಿನಿಂದ ಹಿಡಿದವು. ಚರ್ಮ ಸುಲಿದ ಕಾಲು ನೋಡಿ ಜಾತಿ ಹೇಳಲಾಗದು. ಸಾಕಿದ ಕಪ್ಪೆ ಎಂದು ಬರೆದಿರದಿದ್ದರೆ ಬೇಡ.

ಕೇಳಿದೊಡನೆ ತಪ್ಪೆನಿಸುವುದೆಲ್ಲ ತಪ್ಪಲ್ಲ. ಕೋಸ್ಟರಿಕಾದ ಒಸ್ತಿಯೊನಾಲ್ ಕಡಲತೀರದಲ್ಲಿ ಆಲಿವ್ ರಿಡ್ಲಿ ಆಮೆಯ ಮೊಟ್ಟೆಯನ್ನು ಊರವರು ಕಾನೂನಿನ ಪ್ರಕಾರವೇ ತೆಗೆದು ಮಾರುತ್ತಾರೆ. ಸಾವಿರಾರು ಆಮೆಗಳು ಒಂದರ ಹಿಂದೊಂದು ಬಂದು ಮೊಟ್ಟೆಯಿಡುವ ಆ ತೀರದಲ್ಲಿ ಮೊದಲು ಬಂದವುಗಳ ಮೊಟ್ಟೆಯನ್ನು ನಂತರ ಬಂದವು ತೋಡಿ ಹಾಳುಮಾಡುತ್ತವೆ. ಹೇಗೂ ಹಾಳಾಗುವ ಆ ಮೊದಲ ಮೊಟ್ಟೆಗಳನ್ನಷ್ಟೇ ತೆಗೆಯಲು ಅವಕಾಶ; ಬದಲಿಗೆ ಊರವರು ತೀರ ಕಾಯುತ್ತಾರೆ. ಇದನ್ನು ಹಿಡಿದು ‘ಆಮೆ ಮೊಟ್ಟೆ ತಿನ್ನಬಹುದು’ ಎಂದು ಬೇರೆ ತೀರಕ್ಕೆ ಅನ್ವಯಿಸಿದರೆ ಅದು ಶುದ್ಧ ಕಳ್ಳತನ.

ನಿಮ್ಮ ಮೈಯ ಲೆಕ್ಕವನ್ನೂ ಮರೆಯಬೇಡಿ. ಕಡಲಿನ ಆಹಾರ ಸರಪಳಿಯ ತುದಿಯಲ್ಲಿರುವ ಶಾರ್ಕ್, ಕತ್ತಿಮೀನು, ಹಲ್ಲಿನ ತಿಮಿಂಗಿಲಗಳ ಮಾಂಸದಲ್ಲಿ ಪಾದರಸ ಕೂಡಿಕೊಳ್ಳುತ್ತದೆ. ಪೈಲಟ್ ತಿಮಿಂಗಿಲದ ಮಾಂಸ ಮನುಷ್ಯರು ತಿನ್ನಲು ಯೋಗ್ಯವಲ್ಲ ಎಂದು 2008ರಲ್ಲಿ ಹೇಳಿದವರು ಹೊರಗಿನ ಚಳವಳಿಗಾರರಲ್ಲ, ಅದನ್ನು ತಲೆಮಾರುಗಳಿಂದ ತಿನ್ನುತ್ತ ಬಂದ ಫರೋ ದ್ವೀಪಗಳ ವೈದ್ಯಾಧಿಕಾರಿಗಳೇ. ಬಸುರಿಯರು, ಮಕ್ಕಳು ಇವನ್ನು ಮುಟ್ಟಲೇಬಾರದು.

ಅತಿಥಿಯಾಗಿದ್ದಾಗ

ಬಡಿಸಿದ ಮೇಲೆ ಪ್ರಾಣಿ ಮತ್ತೆ ಬದುಕುವುದಿಲ್ಲ. ಆತಿಥೇಯರನ್ನು ಅಲ್ಲೇ ನಾಚಿಸಿ ಸಾಧಿಸುವುದೂ ಏನಿಲ್ಲ. ಕರೆ ಬಂದಾಗಲೇ ‘ಶಾರ್ಕ್, ಈಲ್, ಕಾಡುಪ್ರಾಣಿಯ ಮಾಂಸ ತಿನ್ನುವುದಿಲ್ಲ’ ಎಂದು ಎರಡು ಮಾತಿನಲ್ಲಿ ತಿಳಿಸಿದರೆ ಅಡುಗೆಯೇ ಬದಲಾಗುತ್ತದೆ. ಹೇಳಲು ಮರೆತಿದ್ದರೆ ‘ನನಗಿದು ಬೇಡ’ ಎಂದಷ್ಟೇ ಅಂದು ಸುಮ್ಮನಾಗಿ. ಕಾರಣ ಕೇಳಿದರೆ ಹೇಳಿ, ಕೇಳದಿದ್ದರೆ ಊಟದ ನಡುವೆ ಪಾಠ ಬೇಡ. ಹಣ ಕೊಟ್ಟು ತಿನ್ನುವ ಜಾಗದ ಮಾತು ಬೇರೆ. ಅಲ್ಲಿ ನಿಮ್ಮ ಪ್ರಶ್ನೆ ಮುಂದಿನ ಆರ್ಡರಿನ ಮೇಲೆ ಪರಿಣಾಮ ಬೀರುತ್ತದೆ, ಕೇಳಲೇಬೇಕು.

ಬದಲಿಗೆ ಏನು

ಶಾರ್ಕ್ ರೆಕ್ಕೆಗೆ ತನ್ನದೇ ರುಚಿಯಿಲ್ಲ. ಸೂಪಿನ ರುಚಿಯೆಲ್ಲ ಕೋಳಿ, ಹಂದಿಮಾಂಸದ ಸಾರಿನದು. ರೆಕ್ಕೆ ಕೊಡುವುದು ಜಾರುವ ಎಳೆ ಮಾತ್ರ. ಜಿಲೆಟಿನ್, ಅಗರ್ ಅಥವಾ ಹೆಸರುಕಾಳಿನ ಹಿಟ್ಟಿನ ಶ್ಯಾವಿಗೆ ಆ ಕೆಲಸ ಮಾಡುತ್ತದೆ. ಈಲ್‌ನ ಜಪಾನಿ ಖಾದ್ಯದಲ್ಲೂ ನಾಲಿಗೆಗೆ ಮೊದಲು ತಾಗುವುದು ಸೋಯಾ, ಸಕ್ಕರೆ, ಮಿರಿನ್ (ಅಕ್ಕಿಯ ಸಿಹಿ ಮದ್ಯ) ಸೇರಿದ ಲೇಪವೇ. ಸಾಕಿದ ಕ್ಯಾಟ್‌ಫಿಶ್ ಮೇಲೆ ಅದನ್ನು ಹಚ್ಚಿ ಸುಟ್ಟರೆ ಬಹಳ ದೂರ ಹೋಗುವುದಿಲ್ಲ.

ಫ್ವಾಗ್ರಾದ ಜಾಗಕ್ಕೆ: 400 ಗ್ರಾಂ ಕೋಳಿ ಲಿವರ್‌ನ ನರ ಮತ್ತು ಪಿತ್ತದ ಹಸಿರು ಕಲೆಗಳನ್ನು ತೆಗೆದು, ಹಾಲಿನಲ್ಲಿ ಎರಡು ಗಂಟೆ ಫ್ರಿಜ್ಜಿನಲ್ಲಿಡಿ. ಒರೆಸಿ, ಬೆಣ್ಣೆಯಲ್ಲಿ ಸಣ್ಣ ಈರುಳ್ಳಿಯ ಜೊತೆ ಹುರಿಯಿರಿ. ನಡುಭಾಗದ ಶಾಖ 70 ಡಿಗ್ರಿ ಸೆಲ್ಸಿಯಸ್ ಮುಟ್ಟಿ ಎರಡು ನಿಮಿಷ ನಿಲ್ಲಬೇಕು; ಒಳಗೆ ಕೆಂಪಗೆ ಬಿಟ್ಟರೆ ಹೊಟ್ಟೆ ಕೆಡಿಸುವ ಕ್ಯಾಂಪಿಲೊಬ್ಯಾಕ್ಟರ್ ಬ್ಯಾಕ್ಟೀರಿಯಾ ಉಳಿಯಬಹುದು. ಬಿಸಿಯಿರುವಾಗಲೇ 200 ಗ್ರಾಂ ಮೆತ್ತಗಾದ ಬೆಣ್ಣೆ, ರುಚಿಗೆ ಉಪ್ಪು ಸೇರಿಸಿ ನುಣ್ಣಗೆ ರುಬ್ಬಿ ಜರಡಿ ಹಿಡಿಯಿರಿ. ಫ್ರಿಜ್ಜಿನಿಂದ ನೇರ ತೆಗೆದ ಗಟ್ಟಿ ಬೆಣ್ಣೆ ಹಾಕಿದರೆ ಮಿಶ್ರಣ ಒಡೆದು ಕಾಳುಕಾಳಾಗುತ್ತದೆ.

ಕ್ಯಾವಿಯರ್‌ಗೆ ಬದಲಾಗಿ ಸಾಕಿದ ಟ್ರೌಟ್ ಮೀನಿನ ಮೊಟ್ಟೆ. ಲೀಟರಿಗೆ 25 ಗ್ರಾಂ ಉಪ್ಪು ಹಾಕಿದ, 40 ಡಿಗ್ರಿಯ ಉಗುರುಬೆಚ್ಚಗಿನ ನೀರಿನಲ್ಲಿ ಮೊಟ್ಟೆಯ ಗೊಂಚಲನ್ನು ಬೆರಳಿನಿಂದ ಮೆಲ್ಲಗೆ ಬಿಡಿಸಿ, ಪೊರೆ ತೆಗೆಯಿರಿ. ಮೊಟ್ಟೆ ಬೆಳ್ಳಗೆ ಮಂಕಾದರೆ ಗಾಬರಿ ಬೇಡ, ಉಪ್ಪು ಸೇರಿದಂತೆ ಮತ್ತೆ ತಿಳಿಯಾಗುತ್ತದೆ. ಚೆನ್ನಾಗಿ ಸೋಸಿ, ತೂಗಿ, 100 ಗ್ರಾಂಗೆ 3 ಗ್ರಾಂ ಉಪ್ಪು ಬೆರೆಸಿ, ಒಂದು ರಾತ್ರಿ ಫ್ರಿಜ್ಜಿನಲ್ಲಿಡಿ. ಸೋಸುವುದು ಸಾಲದಿದ್ದರೆ ಮೊಟ್ಟೆ ನೀರಿನಲ್ಲಿ ತೇಲಿ ಉಪ್ಪು ಹಿಡಿಯುವುದಿಲ್ಲ. ಸಾಕಿದ್ದಲ್ಲದ ಸಾಲ್ಮನ್ ಮೊಟ್ಟೆಯಾದರೆ ಪರೋಪಜೀವಿಯ ಭಯವಿರುವುದರಿಂದ, ಉಪ್ಪು ಹಾಕಿದ ಮೇಲೆ ಮೈನಸ್ 20 ಡಿಗ್ರಿಯಲ್ಲಿ ಏಳು ದಿನ ಇಟ್ಟೇ ಬಳಸಿ; ಮನೆಯ ಫ್ರೀಜರ್ ಸಾಮಾನ್ಯವಾಗಿ ಮೈನಸ್ 18ರಲ್ಲಿ ನಿಲ್ಲುತ್ತದೆ, ಆದ್ದರಿಂದ ಥರ್ಮಾಮೀಟರ್ ಇಟ್ಟು ನೋಡಿ. ಫ್ರಿಜ್ಜಿಗೆ ಇಳಿಸಿ ಕರಗಿಸಿದ ಮೇಲೆ ಮೂರು ದಿನದೊಳಗೆ ಮುಗಿಸಿ.